ಇನ್ನೊಂದು ಉಂಡೆ

ಅಕ್ಕನ ಅಡುಗೆಮನೆಯಲ್ಲಿ ತಕ್ಕಡಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಸ್ಯಾಕ್ರಮೆಂಟೊದ ಕನ್ನಡದವರೆಲ್ಲ ಸೇರುವ ಯುಗಾದಿಗೆ ನಲವತ್ತು ಜನರ ಹೋಳಿಗೆಗೆ ಹೂರಣ ಮಾಡುವಾಗಲೂ ಅವಳ ಅಳತೆ ಕೈ ಮತ್ತು ಕಣ್ಣು, ಎರಡೇ. ನಾನು ಓದಲೆಂದು ಈ ದೇಶಕ್ಕೆ ಬಂದ ಹೊಸತರಲ್ಲಿ ಫೋನಿನಲ್ಲಿ ಅಡುಗೆ ಕಲಿಸಿದವಳು ಅವಳೇ. ಉಪ್ಪು ಎಷ್ಟು ಎಂದರೆ "ರುಚಿಗೆ ತಕ್ಕಷ್ಟು" ಅನ್ನುತ್ತಿದ್ದಳು. ನೀರು ಎಷ್ಟು ಎಂದರೆ "ಹಿಡಿಸುವಷ್ಟು". ಎಷ್ಟು ಹಿಡಿಸುತ್ತದೆ ಅಂತ ಹಿಟ್ಟಿಗೇ ಗೊತ್ತು, ನಿನಗ್ಯಾಕೆ ಚಿಂತೆ ಎಂದು ನಗುತ್ತಿದ್ದಳು.

ಆ ಅಡುಗೆಮನೆಗೆ 2022ರ ಏಪ್ರಿಲ್‌ನಲ್ಲಿ ನಾನೊಂದು ತಕ್ಕಡಿ ತಂದಿಟ್ಟೆ. ಅಂಗೈಯಗಲದ್ದು. ಗ್ರಾಮಿನ ನೂರನೆಯ ಒಂದು ಭಾಗವನ್ನೂ ತೋರಿಸುವ, ಬಂಗಾರದಂಗಡಿಯವರು ಬಳಸುವಂಥದ್ದು. ಅದನ್ನು ತರಬೇಕೆಂಬ ಬುದ್ಧಿ ಬಂದದ್ದು ಒಂದು ರಾತ್ರಿ ಕಳೆದ ಮೇಲೆ. ಆ ರಾತ್ರಿಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಲೇ ಇದ್ದೆ.

ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದದ್ದು ಆ ವರ್ಷದ ಜನವರಿಯಲ್ಲಿ. ಮೂರು ವಾರಕ್ಕೊಮ್ಮೆಯಂತೆ ಆರು ಸುತ್ತು ಕೀಮೋ ಎಂದರು. ನನ್ನದು ಮನೆಯಿಂದಲೇ ಮಾಡಬಹುದಾದ ಕೆಲಸ. ಲ್ಯಾಪ್‌ಟಾಪ್ ಹೊತ್ತುಕೊಂಡು ಅವಳ ಮನೆಗೆ ಬಂದುಬಿಟ್ಟೆ. ಮಾರ್ಚ್‌ನಲ್ಲಿ ಅವ್ವನೂ ಆರು ತಿಂಗಳ ವೀಸಾದ ಮೇಲೆ ಬಂದಳು. ಮನೆಯಲ್ಲಿ ಭಾವ, ಹದಿಮೂರು ವರ್ಷದ ಅಳಿಯ, ಅವ್ವ, ನಾನು. ಎಲ್ಲರೂ ಸೇರಿ ಒಬ್ಬಳನ್ನು ಉಣ್ಣಿಸಲು ನೋಡುತ್ತಿದ್ದೆವು. ಆಗುತ್ತಿರಲಿಲ್ಲ.

ಕೀಮೋ ಹಾಕಿದ ದಿನ ಅಷ್ಟೇನೂ ಕಷ್ಟವಿರುತ್ತಿರಲಿಲ್ಲ. ಎರಡನೆಯ ದಿನದಿಂದ ಶುರು. ಆಂಡಾನ್‌ಸೆಟ್ರಾನ್ ಮಾತ್ರೆ ವಾಂತಿಯನ್ನು ಒಂದಿಷ್ಟು ತಡೆಯುತ್ತಿತ್ತು, ಓಕರಿಕೆಯನ್ನಲ್ಲ. ಒಗ್ಗರಣೆಯ ವಾಸನೆ ಆಗದು. ಅನ್ನ ಬೇಯುವ ವಾಸನೆ ಆಗದು. ಅವ್ವ ನೆಲಮಾಳಿಗೆಯ ಗ್ಯಾರೇಜಿನಲ್ಲಿ ಒಲೆ ಇಟ್ಟುಕೊಂಡು ಗಂಜಿ ಮಾಡಿ ತರುತ್ತಿದ್ದಳು. ಅಕ್ಕ ಎರಡು ಚಮಚ ಕುಡಿದು, ಮೂರನೆಯದಕ್ಕೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಏಳು ಕಿಲೋ ಇಳಿದಿದ್ದಳು. ಇನ್ನೂ ಇಳಿದರೆ ಔಷಧದ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ, ಇಲ್ಲವೇ ಮುಂದಿನ ಸುತ್ತನ್ನು ಮುಂದೂಡಬೇಕಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಊಟ ಎಂಬುದು ನಮಗೆ ಆಗ ಬರೀ ಊಟವಾಗಿ ಉಳಿದಿರಲಿಲ್ಲ.

ಗಾಂಜಾ ಎಣ್ಣೆಯ ಮಾತೆತ್ತಿದವಳು ಅಕ್ಕನೇ. ಕೀಮೋ ಕೋಣೆಯಲ್ಲಿ ಪಕ್ಕದ ಕುರ್ಚಿಯ ಹೆಂಗಸು ಹೇಳಿದ್ದಳಂತೆ. ನಮ್ಮಲ್ಲಿ ಇದು ಗಂಭೀರವಾದ ಮಾತು. ನಾವು ಕೇಳಿ ಬೆಳೆದದ್ದು "ಭಂಗಿ ಸೇದಿದವರಂಗ ಯಾಕ ಕೂತಿ?" ಎಂಬ ಬೈಗುಳವನ್ನು. ಅಕ್ಕ ಡಾಕ್ಟರನ್ನು ನೇರವಾಗಿ ಕೇಳಿದಳು. ಆಕೆ ಅಚ್ಚರಿಪಡಲಿಲ್ಲ. ಈ ಗಿಡದ ಟಿಎಚ್‌ಸಿ ಎಂಬ ಅಂಶವನ್ನೇ ಪ್ರಯೋಗಾಲಯದಲ್ಲಿ ತಯಾರಿಸಿದ ಡ್ರೊನಾಬಿನಾಲ್ ಎಂಬ ಮಾತ್ರೆಗೆ ಅಮೆರಿಕ ಸರ್ಕಾರ 1985ರಲ್ಲೇ ಒಪ್ಪಿಗೆ ಕೊಟ್ಟಿದೆ, ಕೀಮೋದ ವಾಂತಿಗೆಂದೇ. ಅದನ್ನು ಬರೆದುಕೊಟ್ಟರು. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಅದೂ ವಾಂತಿಯಲ್ಲಿ ಹೋಯಿತು. ಎಣ್ಣೆಯ ವಿಷಯಕ್ಕೆ ಬಂದರೆ, ಅದನ್ನು ಚೀಟಿಯಲ್ಲಿ ಬರೆದುಕೊಡಲು ತನಗೆ ಬರುವುದಿಲ್ಲ, ಬಳಸುವುದಾದರೆ ತನಗೆ ತಿಳಿಸಿ ಬಳಸಿ, ಬಹಳ ಕಡಿಮೆಯಿಂದ ಶುರು ಮಾಡಿ, ನಿಧಾನವಾಗಿ ಏರಿಸಿ ಎಂದರು.

ಕ್ಯಾಲಿಫೋರ್ನಿಯಾದಲ್ಲಿ ಇದೆಲ್ಲ ಕಾನೂನಿಗೆ ವಿರುದ್ಧವಲ್ಲ. 1996ರಲ್ಲಿ ಜನಮತದ ಮೂಲಕ ಔಷಧಕ್ಕಾಗಿ ಗಾಂಜಾ ಬಳಸಲು ಮೊದಲು ಒಪ್ಪಿದ ರಾಜ್ಯ ಇದೇ. 2016ರಲ್ಲಿ ಮತ್ತೊಂದು ಜನಮತ ಇಪ್ಪತ್ತೊಂದು ದಾಟಿದವರಿಗೆಲ್ಲ ಅನುಮತಿ ಕೊಟ್ಟಿತು. 2018ರ ಜನವರಿ 1ರಿಂದ ಅಂಗಡಿಗಳು ತೆರೆದವು. ಆದರೆ ದೆಹಲಿಗೂ ಬೆಂಗಳೂರಿಗೂ ಇರುವಂತೆ ವಾಷಿಂಗ್ಟನ್ನಿಗೂ ಸ್ಯಾಕ್ರಮೆಂಟೊಗೂ ಬೇರೆ ಬೇರೆ ಕಾನೂನು. ಕೇಂದ್ರದ 1970ರ ಕಾಯಿದೆಯ ಪಟ್ಟಿಯಲ್ಲಿ ಆಗ ಗಾಂಜಾ ಹೆರಾಯಿನ್ನಿನ ಸಾಲಿನಲ್ಲೇ ಇತ್ತು. ನನ್ನ ಬಳಿ ಇರುವುದು ಗ್ರೀನ್ ಕಾರ್ಡ್. ರಾಜ್ಯದ ಕಾನೂನು ಒಪ್ಪಿದರೂ ಗಾಂಜಾದೊಡನೆ ಸಂಬಂಧವಿಟ್ಟುಕೊಂಡವರ ನಡತೆ ಪೌರತ್ವದ ಅರ್ಜಿಯಲ್ಲಿ ಪ್ರಶ್ನೆಗೊಳಗಾಗಬಹುದು ಎಂದು ವಲಸೆ ಇಲಾಖೆ 2019ರಲ್ಲಿ ಸ್ಪಷ್ಟವಾಗಿಯೇ ಹೇಳಿತ್ತು. ಅಂಗಡಿಗೆ ಹೋದವರು ಭಾವ, ಅವರು ಇಲ್ಲಿಯ ಪ್ರಜೆ. ಒಲೆಯ ಮುಂದೆ ನಿಂತವನು ನಾನು. ಪೌರತ್ವದ ಅರ್ಜಿಯನ್ನು ತುಂಬಿ ಇಟ್ಟಿದ್ದೆ. ಅದನ್ನು ಇಂದಿಗೂ ಕಳಿಸಿಲ್ಲ.

ಭಾವ ತಂದದ್ದು ಸೂಜಿಯಿಲ್ಲದ ಒಂದು ಸಣ್ಣ ಸಿರಿಂಜ್. ಒಳಗೆ ಕಾಕಂಬಿಯಂಥ ಕಪ್ಪು ಎಣ್ಣೆ, ಒಂದು ಗ್ರಾಂ. ಗಿಡದ ಹೂವಿನಿಂದ ಸ್ಪಿರಿಟ್‌ನಲ್ಲಿ ಸಾರ ತೆಗೆದು, ಸ್ಪಿರಿಟ್ ಆರಿಸಿದ ಮೇಲೆ ಉಳಿಯುವ ಗಟ್ಟಿ. ಲೇಬಲ್ಲಿನ ಮೇಲೆ ಟಿಎಚ್‌ಸಿ 700 ಮಿಲಿಗ್ರಾಂ ಎಂದಿತ್ತು. ಹಸಿ ಗಿಡವನ್ನು ತಿಂದರೆ ಹೆಚ್ಚೇನೂ ಆಗುವುದಿಲ್ಲ, ಅದರಲ್ಲಿರುವ ಆಮ್ಲರೂಪ ಕಾವು ತಗುಲಿದಾಗ ಮಾತ್ರ ಟಿಎಚ್‌ಸಿ ಆಗುತ್ತದೆ. ಈ ಎಣ್ಣೆಯಲ್ಲಿ ಆ ಕಾಯಿಸುವ ಕೆಲಸ ಮೊದಲೇ ಮುಗಿದಿತ್ತು. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಅಡುಗೆಯೊಂದೇ. ಗಿಡದಿಂದ ಎಣ್ಣೆ ತೆಗೆಯುವುದಕ್ಕೆ ನಾನು ಕೈಹಾಕಿದವನಲ್ಲ. ಬ್ಯುಟೇನ್ ಅನಿಲದಿಂದ ಮನೆಯಲ್ಲೇ ತೆಗೆಯಹೋಗಿ ಮನೆ ಸುಟ್ಟುಕೊಂಡವರಿದ್ದಾರೆ, ಇಲ್ಲೂ ಅದು ಅಪರಾಧವೇ.

ಅಂಗಡಿಯಲ್ಲಿ ಸಿದ್ಧ ಮಿಠಾಯಿಗಳು ಸಿಗುತ್ತವಲ್ಲ ಎಂದು ನೀವು ಕೇಳಬಹುದು. ಸಿಗುತ್ತವೆ. ಭಾವ ಮೊದಲು ತಂದದ್ದೂ ಅದನ್ನೇ. ಮಾವಿನ ಪರಿಮಳದ ಗಮ್ಮಿಯ ಡಬ್ಬಿ ತೆರೆದ ತಕ್ಷಣ ಅಕ್ಕ ಬಚ್ಚಲಿಗೆ ಓಡಿದಳು. ಎಣ್ಣೆಯನ್ನು ಹಾಗೇ ನಾಲಿಗೆಗಿಟ್ಟರೆ ಕಹಿ, ಹಲ್ಲಿಗೆ ಮೆತ್ತಿಕೊಳ್ಳುವ ಅಂಟು. "ಏನಾದರೂ ತಿನ್ನಬೇಕು ಅನಿಸುತ್ತದಾ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಅವ್ವ ಮಾಡೋ ರವೆ ಉಂಡಿ. ಅದರ ವಾಸನಿ ನೆನಸಿಕೊಂಡರ ಹೊಟ್ಟಿ ತೊಳಸೂದಿಲ್ಲ" ಎಂದಳು.

ರವೆ ಉಂಡೆ ಸರಿಯಾದ ಆಯ್ಕೆಯೇ ಆಗಿತ್ತು. ಟಿಎಚ್‌ಸಿ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ತುಪ್ಪಕ್ಕಿಂತ ಒಳ್ಳೆಯ ಜಿಡ್ಡು ಯಾವುದಿದೆ? ಉತ್ತರ ಭಾರತದಲ್ಲಿ ಭಂಗಿಯ ಸೊಪ್ಪನ್ನು ಹಾಲು, ಬಾದಾಮಿಯೊಡನೆ ಅರೆಯುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ಕಾಯಿಸಿದರೆ ಸಾಲದು, ಕೊಬ್ಬು ಬೇಕು.

ಅವ್ವನಿಗೆ ಹೇಳುವುದು ಬೇಡ ಎಂದು ನಾವು ಮೂವರೂ ತೀರ್ಮಾನಿಸಿದೆವು. ಮಗಳ ಕಾಯಿಲೆಗೇ ಅರ್ಧ ಇಳಿದುಹೋಗಿದ್ದಳು. ಇನ್ನು ಇದೊಂದು ಬೇರೆ ಯಾಕೆ ಎಂಬುದು ನಾವು ನಮಗೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ನಾಚಿಕೆ.

ಅವ್ವ ಭಾವನೊಡನೆ ಗುಡಿಗೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಉಂಡೆ ಕಟ್ಟಿದೆ. ರವೆ ಹುರಿದೆ, ಕೊಬ್ಬರಿ ತುರಿದೆ, ಸಕ್ಕರೆ ಪುಡಿ ಮಾಡಿದೆ, ಯಾಲಕ್ಕಿ ಕುಟ್ಟಿದೆ. ಲೆಕ್ಕವನ್ನೂ ಮಾಡಿಕೊಂಡಿದ್ದೆ. ಒಂದು ಗ್ರಾಮಿನಲ್ಲಿ 700 ಮಿಲಿಗ್ರಾಂ. ಸಿರಿಂಜಿನ ಮೇಲೆ ಹತ್ತು ಗೆರೆ. ಒಂದು ಗೆರೆಯಷ್ಟು ಎಣ್ಣೆ, ಅಂದರೆ 70 ಮಿಲಿಗ್ರಾಂ. 28 ಉಂಡೆ ಕಟ್ಟಿದರೆ ಒಂದೊಂದರಲ್ಲಿ ಎರಡೂವರೆ ಮಿಲಿಗ್ರಾಂ. ಹೊಸಬರಿಗೆ ಅಷ್ಟು ಸಾಕು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಸಿರಿಂಜ್ ಫ್ರಿಜ್ಜಿನಲ್ಲಿತ್ತು. ಎಣ್ಣೆ ಕಲ್ಲಿನಂತೆ ಗಟ್ಟಿಯಾಗಿತ್ತು. ಒತ್ತಿದೆ, ಬರಲಿಲ್ಲ. ಜೋರಾಗಿ ಒತ್ತಿದೆ. ಒಮ್ಮೆಗೇ ಸುರುಳಿಯಾಗಿ ತುಪ್ಪದಲ್ಲಿ ಬಿತ್ತು. ನೋಡಿದರೆ ಎರಡು ಗೆರೆ ದಾಟಿ ಮೂರನೆಯದರ ಹತ್ತಿರ ನಿಂತಿತ್ತು. ತೆಗೆಯಲು ಬರುವುದಿಲ್ಲ, ಕರಗಲು ಶುರುವಾಗಿತ್ತು. ಅವ್ವ ಬರುವ ಹೊತ್ತಾಗಿತ್ತು. ಮತ್ತೆ ರವೆ ಹುರಿದು ಪ್ರಮಾಣ ಮೂರು ಪಟ್ಟು ಮಾಡಬೇಕಿತ್ತು. ಮಾಡಲಿಲ್ಲ. ಒಂದರ ಬದಲು ಅರ್ಧ ತಿನ್ನಿಸಿದರಾಯಿತು ಎಂದುಕೊಂಡೆ. ಉಂಡೆಗಳೂ ಕೈಯಂದಾಜಿನಲ್ಲಿ ದೊಡ್ಡವೇ ಆಗಿ ಇಪ್ಪತ್ತಕ್ಕೆ ಮುಗಿದವು. ಒಂದು ಸ್ಟೀಲ್ ಡಬ್ಬಿಗೆ ಹಾಕಿ ಅಕ್ಕನ ಕೋಣೆಯ ಕಪಾಟಿನಲ್ಲಿಟ್ಟೆ.

ಅಂದು ಸಂಜೆ ಐದಕ್ಕೆ ಅಕ್ಕ ಅರ್ಧ ಉಂಡೆ ತಿಂದಳು. ಒಂದು ಗಂಟೆ ಕಾದೆವು. ಏನೂ ಇಲ್ಲ. ಒಂದೂವರೆ ಗಂಟೆಗೆ, "ಓಕರಿಕೆ ಕಡಿಮಿ ಆದಂಗ ಅನಸ್ತದ" ಎಂದಳು. ನನಗೆ ಆಫೀಸಿನ ಕರೆಯಿತ್ತು. ನಾನು ಮೇಲಿನ ಕೋಣೆಗೆ ಹೋದೆ.

ಆಮೇಲೆ ನಡೆದದ್ದನ್ನು ಅವ್ವ ಹೇಳಿದ್ದು. ಅವಳು ಕೋಣೆಗೆ ಬಂದಾಗ ಅಕ್ಕ ಹಾಸಿಗೆಯ ಮೇಲೆ ಕೂತು ಉಳಿದರ್ಧ ಉಂಡೆಯನ್ನು ತಿನ್ನುತ್ತಿದ್ದಳು. ತಿನ್ನುತ್ತಿದ್ದಳು! ಆರು ವಾರದಿಂದ ಮೂರನೆಯ ಚಮಚಕ್ಕೆ ಬಾಯಿ ಮುಚ್ಚಿಕೊಳ್ಳುತ್ತಿದ್ದ ಮಗಳು ತಾನಾಗಿ ಕೈಯಲ್ಲಿ ಉಂಡೆ ಹಿಡಿದು ತಿನ್ನುತ್ತಿದ್ದಳು. ಅವ್ವ ಡಬ್ಬಿ ತೆರೆದು ಇನ್ನೊಂದು ಕೊಟ್ಟಳು. ಅಕ್ಕ ಬೇಡವೆನ್ನಲಿಲ್ಲ. ಹಸಿವೆ ಎಂಬುದು ತಿರುಗಿ ಬಂದ ಸಂತೋಷದಲ್ಲಿ ಅವಳಿಗೂ ಎಚ್ಚರ ತಪ್ಪಿತ್ತು. ಅವ್ವ ಮತ್ತೊಂದು ಕೊಟ್ಟಳು. ಅದನ್ನೂ ತಿಂದಳು. ಅವ್ವ ಅಡುಗೆಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರಿಗೆ "ಸಾಕು" ಅನ್ನುವ ಹಕ್ಕು ಇರುವುದಿಲ್ಲ. ಬೇಡ ಎಂದರೂ ಇನ್ನೊಂದು ಬೀಳಬೇಕು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿನಿಂದಲಾದರೂ ಬಡಿಸಬೇಕು. ಪ್ರೀತಿ ಎಂಬುದನ್ನು ನಾವು ಬಾಯಿಬಿಟ್ಟು ಹೇಳುವ ಜನವಲ್ಲ, "ಇನ್ನೊಂದು ತಗೋ" ಎನ್ನುತ್ತೇವೆ. ಆ ಮಾತೇ ಅಪಾಯವಾಗುವಂಥ ತಿನಿಸೊಂದನ್ನು ನಾನು ಆ ಮನೆಗೆ ತಂದಿದ್ದೆ, ಅದೂ ಅವ್ವನ ಉಂಡೆಯ ವೇಷದಲ್ಲಿ.

ಸೇದಿದ ಗಾಂಜಾ ಕೆಲವೇ ನಿಮಿಷಗಳಲ್ಲಿ ತಲೆಗೇರುತ್ತದೆ, ಸಾಕೆನಿಸಿದರೆ ಸೇದುವವನು ಅಲ್ಲಿಗೆ ನಿಲ್ಲಿಸಬಹುದು. ತಿಂದದ್ದರ ದಾರಿ ಬೇರೆ. ಹೊಟ್ಟೆ, ಕರುಳು ದಾಟಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಟಿಎಚ್‌ಸಿ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಆ ರೂಪ ಮಿದುಳಿಗೆ ಇನ್ನೂ ಸಲೀಸಾಗಿ ಹತ್ತುತ್ತದೆ. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಇಳಿಯಲು ಆರೆಂಟು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು. ಏನೂ ಆಗಲಿಲ್ಲವಲ್ಲ ಎಂದು ಇನ್ನಷ್ಟು ತಿನ್ನುವುದೇ ಎಲ್ಲರೂ ಮಾಡುವ ತಪ್ಪು. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ್ತಿ ಮೌರೀನ್ ಡೌಡ್ ಡೆನ್ವರ್‌ನ ಹೋಟೆಲ್ ಕೋಣೆಯಲ್ಲಿ ಇಂಥ ಮಿಠಾಯಿಯನ್ನು ಹೀಗೆಯೇ ತಿಂದು ಗಂಟೆಗಟ್ಟಲೆ ನರಳಿದ್ದನ್ನು ಬರೆದಾಗ ದೇಶವೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ಎಂಟೂವರೆಗೆ ಅವ್ವ ಕೂಗಿದಳು. ನಾನು ಇಳಿದು ಬಂದಾಗ ಅಕ್ಕ ಗೋಡೆಗೆ ಒರಗಿ ಎರಡೂ ಕೈಯಿಂದ ಹಾಸಿಗೆಯನ್ನು ಹಿಡಿದುಕೊಂಡಿದ್ದಳು. ಮಂಚ ಕೆಳಗೆ ಹೋಗುತ್ತಿದೆ ಎನ್ನುತ್ತಿದ್ದಳು. ಬಾಯಿ ಒಣಗಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. "ನಾ ಸಾಯಲಿಕ್ಹತ್ತೀನಿ, ನನ್ನ ಮಗನ್ನ ಕರೀರಿ" ಎಂದಳು. ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ತಂದಿರದ ಶಬ್ದ ಅದು. ಅಳಿಯ ಬಾಗಿಲಲ್ಲೇ ನಿಂತಿದ್ದ.

ವಿಷಚಿಕಿತ್ಸೆಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಶಾಂತವಾಗಿದ್ದಳು. ವಯಸ್ಸೆಷ್ಟು, ತೂಕವೆಷ್ಟು, ಏನು ತಿಂದರು, ಯಾವಾಗ ತಿಂದರು ಎಂದು ಕೇಳಿದಳು. ಎಲ್ಲಕ್ಕೂ ಉತ್ತರ ಕೊಟ್ಟೆ. ಆಮೇಲೆ, "ಎಷ್ಟು?" ಎಂದಳು.

ನನಗೆ ಗೊತ್ತಿರಲಿಲ್ಲ.

"ಮನೆಯಲ್ಲಿ ಮಾಡಿದ್ದು" ಎಂದೆ. ಒಂದು ಕ್ಷಣ ಬಿಟ್ಟು ಅವಳು ಮತ್ತೆ ಅದೇ ಧ್ವನಿಯಲ್ಲಿ, ಅಂದಾಜು ಹೇಳಿ ಎಂದಳು. ಮೂರು ಗೆರೆ, ಅಂದರೆ 210. ಇಪ್ಪತ್ತು ಉಂಡೆ. ಒಂದರಲ್ಲಿ ಹತ್ತೂವರೆ. ಮೂರು ತಿಂದಿದ್ದಾಳೆ. ಮೂವತ್ತು ಮಿಲಿಗ್ರಾಂ ದಾಟಿತು. ಕ್ಯಾಲಿಫೋರ್ನಿಯಾದ ಅಂಗಡಿಗಳಲ್ಲಿ ಮಾರುವ ತಿನಿಸಿನಲ್ಲಿ ಒಂದು ಸಲದ ಪ್ರಮಾಣ ಹತ್ತನ್ನು ದಾಟುವಂತಿಲ್ಲ. ಡಾಕ್ಟರು ಹೇಳಿದ "ಬಹಳ ಕಡಿಮೆ"ಯ ಹನ್ನೆರಡು ಪಟ್ಟು. ಅದೂ ಎಣ್ಣೆ ಎಲ್ಲ ಉಂಡೆಗಳಲ್ಲಿ ಸಮನಾಗಿ ಬೆರೆತಿದ್ದರೆ. ಬೆರೆತಿತ್ತೋ ಇಲ್ಲವೋ ಯಾರು ಬಲ್ಲರು.

ಎಚ್ಚರವಿದ್ದಾರೆ, ಮಾತಾಡುತ್ತಿದ್ದಾರೆ, ಉಸಿರಾಟ ಸರಿಯಿದೆ ಎಂದಮೇಲೆ ಒಬ್ಬರೇ ಬಿಡದೆ ಜೊತೆಗಿರಿ, ಗುಟುಕು ಗುಟುಕಾಗಿ ನೀರು ಕೊಡಿ, ಬೆಳಕು ಕಡಿಮೆ ಮಾಡಿ ಎಂದಳು. ಎಬ್ಬಿಸಿದರೂ ಏಳದಿದ್ದರೆ, ಎದೆನೋವೆಂದರೆ, ಉಸಿರು ನಿಧಾನವಾದರೆ ತಡಮಾಡದೆ ಆಂಬುಲೆನ್ಸ್ ಕರೆಯಿರಿ ಎಂದಳು. ಕೀಮೋ ನಡೆಯುತ್ತಿದೆ ಎಂದು ಅವರ ಡಾಕ್ಟರಿಗೂ ಈಗಲೇ ತಿಳಿಸಿ ಎಂದಳು. ತಿಳಿಸಿದೆ. ಅವರೂ ಮೊದಲು ಕೇಳಿದ ಪ್ರಶ್ನೆ ಅದೇ, ಎಷ್ಟು?

ಬೆಳಗಿನ ಮೂರರವರೆಗೆ ಅವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಹದಿನೈದು ನಿಮಿಷಕ್ಕೊಮ್ಮೆ ನಾಡಿ ಎಣಿಸಿ ಕಾಗದದ ಮೇಲೆ ಬರೆಯುತ್ತಿದ್ದೆ. ಅಕ್ಕ ನಿದ್ದೆ ಹೋದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಮೊದಲು ಕೇಳಿದ್ದು, "ಅಂದ್ರ ನನ್ನ ಮಗಳಿಗಿ ನಾನೇ ನನ್ನ ಕೈಯಾರೆ ಕೊಟ್ಟನೇನು?" ಎಂದು. ಇಲ್ಲ ಅವ್ವಾ, ನಾವು ಹೇಳದೆ ಇದ್ದದ್ದು ತಪ್ಪು ಎಂದೆ. ಅವಳು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. "ಒಂದ್ ತಿಂದ್ಲು ಅಂತ ಮತ್ತೊಂದ್ ಕೊಟ್ಟೆ. ಎಷ್ಟ್ ದಿನಾ ಆಗಿತ್ತು ಅಕಿ ಹಂಗ ತಿಂದು" ಎಂದು ಅಷ್ಟನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಮರುದಿನ ಮಧ್ಯಾಹ್ನ ಅಕ್ಕ ಎದ್ದಳು. ತಲೆ ಭಾರ, ನಾಲಿಗೆ ಭಾರ, ಬೇರೇನೂ ಇಲ್ಲ. ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತು, "ಯಾಕ್ ಹೇಳಲಿಲ್ಲ ನಂಗ? ನಾ ಭಂಗಿ ನೋಡಿಲ್ಲಂತ ತಿಳಕೊಂಡಿಯೇನು?" ಎಂದಳು.

ಅವ್ವನ ತವರು ಸುರಪುರದ ಕಡೆ. ಅಲ್ಲಿಗೆ ದೂರವಲ್ಲದ ತಿಂಥಣಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ ಮೌನೇಶ್ವರರ ಗುಡಿಯಿದೆ. ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಗುತ್ತದೆ ಎಂದು ಪತ್ರಿಕೆಗಳಲ್ಲಿ ಓದಿದ್ದೆ. ಅವ್ವ ಅದನ್ನು ಚಿಕ್ಕಂದಿನಲ್ಲೇ ಕಂಡವಳು. ಅವಳ ಮುತ್ಯಾ ಅಂಥ ಜಾತ್ರೆಗಳಿಗೆ ಹೋಗಿ ಬರುತ್ತಿದ್ದನಂತೆ. ಮನೆಯಲ್ಲಿ ಯಾರೂ ಅದನ್ನು ಹೊಗಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮುತ್ಯಾ ಒಂದು ಮಾತು ಹೇಳುತ್ತಿದ್ದನಂತೆ. ಅವ್ವ ಅದನ್ನು ನನಗೆ ಹೇಳಿದಳು: "ಅದು ಪ್ರಸಾದಪಾ. ಪ್ರಸಾದ ಹೊಟ್ಟಿ ತುಂಬ ತಿನ್ನಾಂಗಿಲ್ಲ. ಚಿಟಿಕಿ ತಗೋಬೇಕು, ಕಣ್ಣಿಗೊತ್ತಿಕೊಂಡು ಸುಮ್ನ ಕೂಡಬೇಕು. ನೀ ಅದನ್ನ ಉಂಡಿ ಮಾಡಿಟ್ಟಿ. ಉಂಡಿ ಅಂದ್ರ ನಾ ಇನ್ನೊಂದು ಕೊಡದ ಬಿಡ್ತೀನೇನು?"

ಇಷ್ಟು ಓದಿದವನಾಗಿ, ಇಷ್ಟು ಲೆಕ್ಕ ಹಾಕಿದವನಾಗಿ, ನನಗೆ ಹೊಳೆಯದೇ ಹೋದದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಳು.

ತಕ್ಕಡಿ ಬಂದದ್ದು ಆಗ. ಹಳೆಯ ಉಂಡೆಗಳಲ್ಲಿ ಉಳಿದ ಹದಿನೇಳನ್ನೂ ಕಾಫಿಯ ಚರಟದಲ್ಲಿ ಕಲಸಿ, ಯಾರೂ ತಿನ್ನಲಾಗದಂತೆ ಮಾಡಿ, ಕಟ್ಟಿ ಎಸೆದೆ. ಅನ್ನವನ್ನು ಎಸೆಯಬಾರದೆಂದು ಬೆಳೆದವನಿಗೆ ಅದೂ ಸುಲಭವಿರಲಿಲ್ಲ. ಡಾಕ್ಟರೊಡನೆ ಮತ್ತೆ ಮಾತಾಡಿದೆವು. ಆಕೆ ಬೈಯಲಿಲ್ಲ. ಆ ರಾತ್ರಿಯಿಂದ ಹೆದರಿ ಅಕ್ಕ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅಕ್ಕ, "ಆ ಮೊದಲನೇ ಅರ್ಧ ಉಂಡಿ ಆದಮ್ಯಾಲ ಒಂದು ತಾಸು ನನಗ ಹಸಿವಿ ಇತ್ತಲ್ಲ, ಅದು ನನಗ ಬೇಕು" ಎಂದಳು.

ಈ ಸಲ ಅವ್ವನೇ ಪಕ್ಕದಲ್ಲಿ ನಿಂತಳು. ಸಿರಿಂಜನ್ನು ಬಿಸಿನೀರಿನ ಲೋಟದಲ್ಲಿಟ್ಟು ಎಣ್ಣೆಯನ್ನು ಸಡಿಲ ಮಾಡಿಕೊಂಡೆ. ಸಣ್ಣ ಬಟ್ಟಲಿನ ತುಪ್ಪವನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, 0.10 ಎಂದು ತೋರಿಸುವವರೆಗೆ ಹನಿಹನಿಯಾಗಿ ಒತ್ತಿದೆ. ತುಪ್ಪ ಬೆಚ್ಚಗಿತ್ತು, ಕುದಿಯುತ್ತಿರಲಿಲ್ಲ. ಹೆಚ್ಚು ಕಾವಿಗೆ ಸಾರ ಕೆಡುತ್ತದೆ. ಕಪ್ಪು ಪೂರ್ತಿ ಮಾಯವಾಗುವ ತನಕ ಅವ್ವ ಕಡೆದಳು. ಆ ತುಪ್ಪವನ್ನು ಮೊದಲು ಸಕ್ಕರೆ ಪುಡಿಗೆ ತಿಕ್ಕಿ, ಆಮೇಲೆ ರವೆಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಎಲ್ಲ ಕಡೆಯೂ ಒಂದೇ ಆಗುವಂತೆ ನಾದಿದೆವು. ಒಂದೊಂದು ಉಂಡೆಯನ್ನೂ ತೂಗಿದೆವು. ಇಪ್ಪತ್ತು ಗ್ರಾಮಿನ 28 ಉಂಡೆ. ಅಷ್ಟು ವರ್ಷ ಕೈಯಲ್ಲೇ ತೂಕ ಇಟ್ಟುಕೊಂಡ ಅವ್ವ ಹತ್ತೊಂಬತ್ತು ಬಂದರೆ ಚಿಟಿಕೆ ಸೇರಿಸಿ, ಇಪ್ಪತ್ತೊಂದು ಬಂದರೆ ಚಿಟಿಕೆ ಮುರಿದು, ಕನ್ನಡಕ ಏರಿಸಿಕೊಂಡು ಕೂತಿದ್ದಳು. ಪ್ರತಿಯೊಂದರ ನೆತ್ತಿಗೂ ಒಂದು ಲವಂಗ ಚುಚ್ಚಿದಳು, ಬೇರೆ ಉಂಡೆಯೊಡನೆ ಬೆರೆಯದಿರಲಿ ಎಂದು. ಡಬ್ಬಿಗೆ ಬೀಗ ಬಿತ್ತು. ಮಿಠಾಯಿ ಎಂದುಕೊಂಡು ಮಕ್ಕಳು ಇಂಥದ್ದನ್ನು ತಿಂದು ಆಸ್ಪತ್ರೆ ಸೇರಿದ ಸಂಗತಿಗಳು ಈ ದೇಶದಲ್ಲಿ ಕಡಿಮೆಯಿಲ್ಲ. ಅಳಿಯನನ್ನು ಕೂರಿಸಿ ಇದೇನು, ಯಾಕೆ ಎಂದು ವಿವರಿಸಿದೆವು. ಮುಚ್ಚಿಡುವುದು ಅಲ್ಲಿಗೆ ಮುಗಿಯಿತು.

ಬೀಗದ ಕೈ ಅವ್ವನ ಸೆರಗಿಗೆ ಹೋಯಿತು. ಸಂಜೆ ಐದಕ್ಕೆ ಒಂದು ಉಂಡೆ. ಎರಡು ತಾಸಿನ ಮೇಲೆ ಗಂಜಿ, ಮೆತ್ತಗಿನ ಅನ್ನ, ಮೊಸರು. ಕೆಲವು ದಿನ ಅಕ್ಕ ಪೂರ್ತಿ ತಟ್ಟೆ ಉಂಡಳು. ಕೆಲವು ದಿನ ಏನು ಮಾಡಿದರೂ ಆಗಲಿಲ್ಲ. ಆ ಎಣ್ಣೆ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂದು ಹೇಳುವವರಿದ್ದಾರೆ. ಅದನ್ನು ನಾನು ಹೇಳಲಾರೆ, ಕ್ಯಾನ್ಸರಿಗೆ ಕೊಟ್ಟದ್ದು ಕೀಮೋ. ಉಂಡೆ ಕೊಟ್ಟದ್ದು ಒಂದು ತಾಸಿನ ಹಸಿವೆಯನ್ನು. ನಾಲ್ಕನೆಯ ಸುತ್ತಿನ ಹೊತ್ತಿಗೆ ತೂಕ ಇಳಿಯುವುದು ನಿಂತಿತು. ಸುತ್ತುಗಳು ಒಂದೂ ಮುಂದೆ ಹೋಗಲಿಲ್ಲ.

ಒಂದು ಸಂಜೆ ಮಾತ್ರ ಅಕ್ಕ, ಓಕರಿಕೆ ಬಹಳವಿದೆ, ಇನ್ನರ್ಧ ಕೊಡವ್ವಾ ಎಂದು ಕೈಚಾಚಿದಳು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ಗಂಟನ್ನು ಹಿಡಿದುಕೊಂಡು, "ಸಾಕವ್ವಾ. ಇನ್ನೊಂದು ತಾಸು ತಡಿ" ಎಂದಳು. ಆಮೇಲೆ ಹಿತ್ತಿಲಿಗೆ ಹೋಗಿ ಅತ್ತಳು. ಮಗಳು ಕೇಳಿದ ತಿನಿಸನ್ನು ಇಲ್ಲ ಎಂದದ್ದು ಅವಳ ಜೀವಮಾನದಲ್ಲಿ ಅದೇ ಮೊದಲಿರಬೇಕು.

ಇದೇ ರಾಜ್ಯದಲ್ಲಿ, ನಮ್ಮಲ್ಲಿಂದ ಎರಡು ತಾಸಿನ ಹಾದಿಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಮೇರಿ ಜೇನ್ ರಾಥ್‌ಬನ್ ಎಂಬ ಮುದುಕಿಯಿದ್ದಳು. ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದವಳು. ಏಡ್ಸ್ ರೋಗಿಗಳ ಹತ್ತಿರ ಸುಳಿಯಲೂ ಜನ ಹೆದರುತ್ತಿದ್ದ ಎಂಬತ್ತರ ದಶಕದಲ್ಲಿ ಅವರಿಗೆಂದು ಗಾಂಜಾ ಬ್ರೌನಿ ಬೇಯಿಸಿ ಹಂಚುತ್ತಿದ್ದಳು. ಆಸ್ಪತ್ರೆಯ ಏಡ್ಸ್ ವಿಭಾಗದಲ್ಲಿ ಸ್ವಯಂಸೇವಕಿಯಾಗಿ ದುಡಿದಳು. ಮೂರು ಸಲ ಪೊಲೀಸರು ಹಿಡಿದರು, 1981ರಲ್ಲಿ, 1982ರಲ್ಲಿ, 1992ರಲ್ಲಿ. ಆ ಕೊನೆಯ ವರ್ಷವೇ ನಗರಸಭೆ ಆಗಸ್ಟ್ 25ನ್ನು ಅವಳ ಹೆಸರಿನ ದಿನವೆಂದು ಸಾರಿತು. 1996ರ ಜನಮತಕ್ಕಾಗಿ ದುಡಿದವರಲ್ಲಿ ಅವಳೂ ಒಬ್ಬಳು. ಅವಳ ಫೋಟೊ ನೋಡಿದಾಗಲೆಲ್ಲ ನನಗೆ ಕನ್ನಡಕ ಏರಿಸಿಕೊಂಡು ಉಂಡೆ ತೂಗುತ್ತಿದ್ದ ಅವ್ವ ನೆನಪಾಗುತ್ತಾಳೆ. ಇಬ್ಬರದೂ ಕಾನೂನಿನ ಪುಸ್ತಕದಿಂದ ಹುಟ್ಟಿದ ಧೈರ್ಯವಲ್ಲ. ಎದುರಿಗೊಬ್ಬರು ಉಣ್ಣದೆ ಮಲಗಿರುವುದನ್ನು ನೋಡಲಾರದವರ ಧೈರ್ಯ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು ಹೇಳದೆ ಮುಗಿಸುವಂತಿಲ್ಲ. ಇಲ್ಲಿ ಬರೆದದ್ದನ್ನು ಅಲ್ಲಿ ಮಾಡಲು ಬರುವುದಿಲ್ಲ. ಭಾರತದ 1985ರ ಮಾದಕದ್ರವ್ಯ ಕಾಯಿದೆ ಗಿಡದ ಬೀಜ, ಎಲೆಗಳನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಭಂಗಿ ಉಳಿದುಕೊಂಡದ್ದು ಆ ಸಂದಿನಲ್ಲಿ. ಹೂವಿಗೆ, ಅಂಟಿಗೆ, ಗಟ್ಟಿ ಎಣ್ಣೆಗೆ ಆ ರಿಯಾಯಿತಿಯಿಲ್ಲ. ಕಾನೂನು ಒಪ್ಪಿದ ಕಡೆಯೂ ಮನೆಯ ಉಂಡೆಗೆ ಲೇಬಲ್ ಇರುವುದಿಲ್ಲ. ನಾನು ತೂಗಿದೆನೆಂದು ಎಲ್ಲ ಉಂಡೆಗಳಲ್ಲೂ ಎರಡೂವರೆಯೇ ಇತ್ತೆಂದು ಆಣೆ ಮಾಡಿ ಹೇಳಲಾರೆ.

ಆರನೆಯ ಸುತ್ತು ಜೂನ್‌ನಲ್ಲಿ ಮುಗಿಯಿತು. ಆಗಸ್ಟ್‌ನಲ್ಲಿ ಅಕ್ಕ ಒಗ್ಗರಣೆಯ ವಾಸನೆಗೆ ತಾನೇ ಅಡುಗೆಮನೆಗೆ ಬಂದು, "ಇಂಗು ಕಡಿಮಿ ಆತು" ಎಂದಳು. ಸೆಪ್ಟೆಂಬರ್‌ನಲ್ಲಿ ಅವ್ವ ಊರಿಗೆ ಹೋದಳು. ಹೋಗುವ ಮೊದಲು ಡಬ್ಬಿಯಲ್ಲಿ ಉಳಿದಿದ್ದ ಲವಂಗದ ಉಂಡೆಗಳನ್ನು ಎಣಿಸಿ, ಕಾಫಿ ಚರಟದಲ್ಲಿ ತಾನೇ ಕಲಸಿದಳು. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗಿಟ್ಟಳು.

ದೀಪಾವಳಿಗೆ ಅಕ್ಕ ರವೆ ಉಂಡೆ ಬೇಕೆಂದಳು. ಅಡುಗೆಮನೆಯಲ್ಲಿ ನಾನಿದ್ದೆ, ಫೋನಿನ ಪರದೆಯಲ್ಲಿ ಅವ್ವ ಇದ್ದಳು. ರವೆ ಹುರಿದಾಯಿತು. ಸಕ್ಕರೆ ಬೆರೆಸಿದ್ದಾಯಿತು. ನನ್ನ ಕೈ ನನಗೆ ಗೊತ್ತಿಲ್ಲದೆ ಮೂಲೆಯ ತಕ್ಕಡಿಯನ್ನು ಹತ್ತಿರಕ್ಕೆ ಎಳೆದುಕೊಂಡಿತ್ತು.

"ತುಪ್ಪ ಎಷ್ಟು ಹಾಕಲಿ ಅವ್ವಾ?" ಎಂದೆ.

ಹಿಂದಿನ ಕುರ್ಚಿಯಿಂದ ಅಕ್ಕನೂ, ಫೋನಿನಿಂದ ಅವ್ವನೂ ಒಟ್ಟಿಗೇ ಹೇಳಿದರು, "ಹಿಡಿಸುವಷ್ಟು."